ಓಟವನ್ನು ಶಿಕ್ಷೆಯ ಪಟ್ಟಿಯಿಂದ ತೆಗೆದ ವರ್ಷ

ಉಡುಪಿ ಕಡೆಯ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ನಾನು ಪೀಟಿ ಟೀಚರ್. ವರ್ಗವಾಗಿ ಈ ಶಾಲೆಗೆ ಬಂದ ಹೊಸದರಲ್ಲಿ ಒಂದು ವಿಷಯ ತಲೆಯಲ್ಲೇ ಕೂತಿತ್ತು. ಇಲ್ಲಿಯ ಮಕ್ಕಳಿಗೆ ಓಟ ಎಂದರೆ ಆಗುತ್ತಿರಲಿಲ್ಲ. ಕಬಡ್ಡಿ ಎಂದರೆ ಪ್ರಾಣ, ವಾಲಿಬಾಲ್ ಎಂದರೆ ಊಟ ಬಿಟ್ಟು ಬರುತ್ತಾರೆ. ಆದರೆ 800 ಮೀಟರ್‌ಗೆ ಯಾರು ಹೆಸರು ಕೊಡ್ತೀರಿ ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ಇವರಲ್ಲಿ ಸುಮಾರು ಮಂದಿ ಮಲ್ಪೆ ಕಡೆಯ ಮೀನುಗಾರರ ಮನೆಯವರು. ರಜೆಯಲ್ಲಿ ಬಲೆ ಎಳೆಯುವ ಕೆಲಸಕ್ಕೂ ಕೈ ಹಾಕುವವರು. ದಮ್ಮಿಗೆ ಏನೂ ಕೊರತೆ ಇಲ್ಲ.

ಕಾರಣ ಗ್ರೌಂಡಿನಲ್ಲೇ ಇತ್ತು. ತಡವಾಗಿ ಬಂದರೆ ಎರಡು ರೌಂಡ್ ಓಡಬೇಕು. ಸಾಲಿನಲ್ಲಿ ಮಾತಾಡಿದರೆ ಇನ್ನೊಂದು ರೌಂಡ್. ಜಗಳ ಮಾಡಿದರೆ ಬಸ್ಕಿ. ಒಬ್ಬ ತಪ್ಪು ಮಾಡಿ ಒಪ್ಪಿಕೊಳ್ಳದಿದ್ದರೆ ಇಡೀ ಕ್ಲಾಸಿಗೆ ಆಟ ಇಲ್ಲ. ಯಾರೋ ಒಬ್ಬರು ಕೆಟ್ಟ ಮನಸ್ಸಿನಿಂದ ಮಾಡಿದ ನಿಯಮಗಳಲ್ಲ ಇವು. ನಮ್ಮ ಎಷ್ಟೋ ಶಾಲೆಗಳಲ್ಲಿ ವರ್ಷಗಳಿಂದ ನಡೆದುಕೊಂಡು ಬಂದದ್ದು. ಆದರೆ ಐದನೆಯ ಕ್ಲಾಸಿನಿಂದ ಹತ್ತನೆಯವರೆಗೆ ತಪ್ಪು ಮಾಡಿದಾಗ ಮಾತ್ರ ಓಡಿದ ಮಗುವಿಗೆ ಓಟ ಹೇಗೆ ಇಷ್ಟ ಆಗಬೇಕು? ಕನ್ನಡ ಟೀಚರ್ ಗಲಾಟೆ ಮಾಡಿದ ಹುಡುಗನಿಗೆ ಶಿಕ್ಷೆ ಎಂದು ಕಥೆ ಪುಸ್ತಕ ಓದಿಸುತ್ತಾರಾ? ಅಮೆರಿಕದ ದೈಹಿಕ ಶಿಕ್ಷಣ ಶಿಕ್ಷಕರ ಸಂಘಟನೆ ಶೇಪ್ ಅಮೆರಿಕ ಕೂಡ ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಬಾರದು ಎಂದೇ ಹೇಳುತ್ತದೆ. ನಾನು ಮೊದಲು ಮಾಡಿದ ಕೆಲಸ ಅದೇ. ರೌಂಡ್ ಮತ್ತು ಬಸ್ಕಿ ಎರಡನ್ನೂ ಶಿಕ್ಷೆಯ ಪಟ್ಟಿಯಿಂದ ತೆಗೆದೆ.

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. "ಹೆದರಿಕೆ ಇಲ್ಲದಿದ್ದರೆ ಈ ಮಕ್ಕಳು ತಲೆ ಮೇಲೆ ಕೂರ್ತಾರೆ ಮಾರಾಯ್ರೇ" ಎಂದು ಹಿರಿಯ ಮೇಷ್ಟ್ರೊಬ್ಬರು ಹೇಳಿದರು. ಅವರು ಮಕ್ಕಳ ಮೇಲೆ ನಿಜವಾದ ಕಾಳಜಿ ಇರುವವರು. ಹಾಗಾಗಿ ಅವರ ಮಾತಿಗೆ ಉತ್ತರ ಕೊಡುವುದು ನನ್ನ ಜವಾಬ್ದಾರಿ ಅನ್ನಿಸಿತು. ರೌಂಡ್ ತೆಗೆದರೆ ಆ ಜಾಗದಲ್ಲಿ ಏನು ಇಡುವುದು? ಸುಮ್ನೆ ಖಾಲಿ ಬಿಟ್ಟರೆ ನಲವತ್ತು ಮಕ್ಕಳ ಕ್ಲಾಸು ಗ್ರೌಂಡಿನಲ್ಲಿ ನಿಲ್ಲುವುದಿಲ್ಲ.

ಪೀಟಿ ಟೀಚರ್ ಆಗಲು ಮಾಡುವ ಬಿ.ಪಿ.ಎಡ್. ಕೋರ್ಸಿನಲ್ಲಿ ಓದಿದ ಮನಃಶಾಸ್ತ್ರದ ನೋಟ್ಸ್ ಮತ್ತೆ ತೆಗೆದೆ. ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಕಟ್ಟಿದ ವಿಚಾರ ಅದು. ಒಂದು ನಡವಳಿಕೆಯ ಹಿಂದೆಯೇ ಏನು ಬರುತ್ತದೆ ಎನ್ನುವುದರ ಮೇಲೆ ಆ ನಡವಳಿಕೆ ಹೆಚ್ಚುವುದೋ ಕಡಿಮೆಯಾಗುವುದೋ ನಿಂತಿದೆ. ಹೆಚ್ಚಿಸುವುದು ಪುನರ್ಬಲನ, ಕಡಿಮೆ ಮಾಡುವುದು ಶಿಕ್ಷೆ. ಎರಡರಲ್ಲೂ ಎರಡೆರಡು ಬಗೆ. ನಮ್ಮ ಗ್ರೌಂಡಿನ ಲೆಕ್ಕದಲ್ಲಿ ಹೇಳುವುದಾದರೆ, ಚೆಂಡು ಸರಿಯಾಗಿ ಪಾಸ್ ಮಾಡಿದವನಿಗೆ ಒಂದು ಮೆಚ್ಚುಗೆಯ ಮಾತು ಸಿಕ್ಕಿದರೆ ಅದು ಧನಾತ್ಮಕ ಪುನರ್ಬಲನ. ವಾರ್ಮ್‌ಅಪ್ ಚೆನ್ನಾಗಿ ಮಾಡಿದ ತಂಡಕ್ಕೆ ಕೊನೆಯಲ್ಲಿ ನೆಟ್ ಬಿಚ್ಚಿ ಒಳಗಿಡುವ ಕೆಲಸ ಇಲ್ಲ ಎಂದರೆ ಅದು ಋಣಾತ್ಮಕ ಪುನರ್ಬಲನ. ಅಲ್ಲಿ ಬೇಡವಾದದ್ದೊಂದು ತಪ್ಪುತ್ತದೆ, ಅದಕ್ಕೋಸ್ಕರ ಒಳ್ಳೆಯ ನಡವಳಿಕೆ ಹೆಚ್ಚುತ್ತದೆ. ತುಂಬಾ ಜನ ಇದನ್ನು ಶಿಕ್ಷೆ ಎಂದುಕೊಳ್ಳುತ್ತಾರೆ, ಅದು ಶಿಕ್ಷೆ ಅಲ್ಲ. ರೌಂಡ್ ಓಡಿಸುವುದು ಏನನ್ನೋ ಮೇಲೆ ಹೇರುವ ಶಿಕ್ಷೆ. ಎರಡು ನಿಮಿಷ ಆಟದಿಂದ ಹೊರಗೆ ನಿಲ್ಲಿಸುವುದು ಏನನ್ನೋ ಕಿತ್ತುಕೊಳ್ಳುವ ಶಿಕ್ಷೆ.

ಇದರಲ್ಲಿ ನನಗೆ ದೊಡ್ಡದು ಅನ್ನಿಸಿದ ಮಾತು ಒಂದಿದೆ. ಟೀಚರ್ ಏನು ಅಂದುಕೊಂಡು ಮಾಡಿದರು ಎನ್ನುವುದು ಲೆಕ್ಕಕ್ಕೇ ಇಲ್ಲ. ಆಮೇಲೆ ಆ ನಡವಳಿಕೆ ಹೆಚ್ಚಿತಾ, ಕಡಿಮೆಯಾಯಿತಾ ಎನ್ನುವುದಷ್ಟೇ ಲೆಕ್ಕ. ಇದನ್ನು ನನಗೆ ಸರಿಯಾಗಿ ತೋರಿಸಿಕೊಟ್ಟವಳು ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ.

ಅವಳಿಗೆ ಪೀಟಿ ಇದ್ದ ದಿನವೆಲ್ಲ ಶೂ ಮರೆತುಹೋಗುತ್ತಿತ್ತು. ಶಾಲೆಯ ಹಳೆಯ ನಿಯಮ, ಶೂ ಇಲ್ಲದವರಿಗೆ ಆಟ ಇಲ್ಲ, ಮಾವಿನ ಮರದ ಬುಡದಲ್ಲಿ ಕೂರಬೇಕು. ಎಲ್ಲರೂ ಅದನ್ನು ಶಿಕ್ಷೆ ಎಂದೇ ತಿಳಿದಿದ್ದರು. ನಾನು ಅವಳ ಮುಖ ನೋಡಿದೆ. ಮರದ ಬುಡಕ್ಕೆ ಹೋಗುವಾಗ ಅವಳ ಭುಜ ಇಳಿದು ಹಗುರಾಗುತ್ತಿತ್ತು. ಕೂತವಳು ಹುಲ್ಲಿನ ಕಡ್ಡಿ ಕಿತ್ತು ಬೆರಳಿಗೆ ಸುತ್ತಿಕೊಂಡು ಆರಾಮವಾಗಿ ಇರುತ್ತಿದ್ದಳು. ಒಂದು ದಿನ ಪಕ್ಕದಲ್ಲಿ ಕೂತು ಕೇಳಿದೆ. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಥ್ರೋಬಾಲ್ ಕೈಯಿಂದ ಬಿದ್ರೆ ಎಲ್ಲ ನಗ್ತಾರೆ ಟೀಚರ್" ಎಂದಳು.

ಅಷ್ಟೇ ವಿಷಯ. ಶೂ ಮರೆತರೆ ನಗೆಪಾಟಲು ತಪ್ಪುತ್ತದೆ. ಶಿಕ್ಷೆ ಎಂದು ಕೊಟ್ಟದ್ದು ಅವಳಿಗೆ ಬಹುಮಾನವಾಗಿತ್ತು. ಪ್ರತಿ ಸಲ ಮರದ ಬುಡಕ್ಕೆ ಕಳಿಸಿದಾಗಲೂ ಶೂ ಮರೆಯುವ ಅಭ್ಯಾಸಕ್ಕೆ ನಾವೇ ಬಲ ಕೊಡುತ್ತಿದ್ದೆವು. ಆಟ ಇಷ್ಟ ಇರುವ ಮಗುವಿಗೆ ಹೊರಗೆ ಕೂರುವುದು ಶಿಕ್ಷೆ. ಆಟಕ್ಕೆ ಹೆದರುವ ಮಗುವಿಗೆ ಅದು ಬಿಡುಗಡೆ.

ಎಸ್ಸೆಸ್ಸೆಲ್ಸಿ ಮುಗಿಸಿ ಹೋದವರ ಹಳೆಯ ಶೂಗಳನ್ನು ಕೇಳಿ ತರಿಸಿ, ತೊಳೆದು ಒಣಗಿಸಿ, ಬೇರೆ ಬೇರೆ ಸೈಜಿನವು ಸ್ಪೋರ್ಟ್ಸ್ ರೂಮಿನಲ್ಲಿ ಇಟ್ಟೆ. ಶೂ ಮರೆತವರು ಅಲ್ಲಿಂದ ಹಾಕಿಕೊಂಡು ಬರಬೇಕು. ಬೈಗುಳ ಇಲ್ಲ, ಮರದ ಬುಡವೂ ಇಲ್ಲ. ಆ ಹುಡುಗಿಯನ್ನು ಅವಳ ಇಬ್ಬರು ಗೆಳತಿಯರ ಜೊತೆ ಸೇರಿಸಿ, ಸ್ವಲ್ಪ ಗಾಳಿ ಇಳಿಸಿದ ಚೆಂಡು ಕೊಟ್ಟು, ಹತ್ತಿರದಿಂದ ಎಸೆದು ಹಿಡಿಯಲು ಹೇಳಿದೆ. ಹಿಡಿದಾಗ "ಕಣ್ಣು ಚೆಂಡಿನ ಮೇಲೆಯೇ ಇತ್ತು ನೋಡು, ಅದಕ್ಕೇ ಕೈಗೆ ಬಂತು" ಎಂದು ಹೇಳುತ್ತಿದ್ದೆ. ದೂರ ನಿಧಾನವಾಗಿ ಹೆಚ್ಚಿಸಿದೆವು. ದಸರಾ ರಜೆಯ ಹೊತ್ತಿಗೆ ಅವಳು ಸ್ವಂತ ಶೂ ಹಾಕಿಕೊಂಡು ಬರುವುದು ಮಾಮೂಲಾಗಿತ್ತು. ಅವಳೇನೂ ದೊಡ್ಡ ಆಟಗಾರ್ತಿ ಆಗಲಿಲ್ಲ. ಆಡುತ್ತಾಳೆ, ಅಷ್ಟು ಸಾಕು ನನಗೆ.

ಹೊರಗೆ ಕೂರಿಸುವುದನ್ನು ಪೂರ್ತಿ ಬಿಟ್ಟೆ ಎಂದಲ್ಲ. ಆಟ ಬೇಕೇ ಬೇಕು ಎನ್ನುವ, ಆದರೆ ಇನ್ನೊಬ್ಬರನ್ನು ದೂಡುವ ಮಗುವಿಗೆ ಎರಡು ನಿಮಿಷ ಗೆರೆಯ ಹೊರಗೆ ನಿಲ್ಲುವುದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಎರಡು ನಿಮಿಷ ಎರಡೇ ನಿಮಿಷ ಆಗಿರಬೇಕು. ಇಡೀ ಪೀರಿಯಡ್ ಕೂರಿಸಿದರೆ ಮಗು ತಿರುಗಿ ಬಂದು ಸರಿಯಾಗಿ ಆಡಿ ತೋರಿಸುವ ಅವಕಾಶವೇ ಇರುವುದಿಲ್ಲ. ಸ್ವರ ಏರಿಸಬಾರದು. ಕ್ಲಾಸಿನ ಜಾಣ ಹುಡುಗನಿಗೂ ಅದೇ, ಗಲಾಟೆಯವನಿಗೂ ಅದೇ. ಇದನ್ನು ಮಕ್ಕಳು ತುಂಬಾ ಗಮನಿಸುತ್ತಾರೆ.

ಜೂನ್, ಜುಲೈನಲ್ಲಿ ಇಲ್ಲಿಯ ಮಳೆ ಹೇಗೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗ್ರೌಂಡಿನ ಕೆಂಪು ಮಣ್ಣು ಕೆಸರಾಗಿ ಜಾರುತ್ತದೆ. ಜಗಲಿಯಲ್ಲೇ ಸ್ಕಿಪ್ಪಿಂಗ್, ಯೋಗ, ಕೇರಂ. ಆ ದಿನಗಳಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಗಲಾಟೆ ಆದಾಗಲೆಲ್ಲ ಮೂರು ಸಂಗತಿ ಬರೆಯುವುದು. ಅದಕ್ಕೆ ಮೊದಲು ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು. ಪುಟಗಳು ತುಂಬಿದ ಹಾಗೆ ಒಂದು ವಿಷಯ ಎದ್ದು ಕಂಡಿತು. ಆಡುವಾಗ ಗಲಾಟೆ ಕಡಿಮೆ. ಕಾಯುವಾಗ ಜಾಸ್ತಿ. ಬೆಲ್ ಆದಮೇಲೆ ಆಟ ಶುರುವಾಗುವವರೆಗಿನ ಹೊತ್ತು, ಉದ್ದ ಸಾಲಿನಲ್ಲಿ ತನ್ನ ಸರದಿಗೆ ನಿಲ್ಲುವ ಹೊತ್ತು, ತಂಡ ಹಂಚುವ ಹೊತ್ತು. ದೂಡುವುದು, ಚಿವುಟುವುದು, ಅಡ್ಡ ಹೆಸರು ಕರೆಯುವುದು, ಎಲ್ಲ ಆಗ.

ಅಲ್ಲಿಗೆ ಬಹುಮಾನವೂ ಬೇಡ, ಶಿಕ್ಷೆಯೂ ಬೇಡ. ಕಾಯುವ ಹೊತ್ತನ್ನು ಕಡಿಮೆ ಮಾಡಿದರೆ ಆಯಿತು. ಮಕ್ಕಳು ಬರುವ ಮೊದಲೇ ಸುಣ್ಣದ ಗೆರೆ, ಚೆಂಡು, ನೆಟ್ ಎಲ್ಲ ರೆಡಿ. ಉದ್ದ ಸಾಲು ಒಡೆದು ಐದೈದು ಜನರ ಗುಂಪು. ತಂಡ ವಾರಕ್ಕೊಮ್ಮೆ ಬದಲು, ಪ್ರತಿ ದಿನ ಹಂಚುವ ಹಾಗಿಲ್ಲ. ವಿಸಿಲ್ ಒಮ್ಮೆ ಊದಿದರೆ ಚೆಂಡು ನೆಲಕ್ಕೆ, ಕಣ್ಣು ನನ್ನ ಕಡೆಗೆ. ಇದನ್ನು ಆಟದ ಹಾಗೆಯೇ ಪ್ರಾಕ್ಟೀಸ್ ಮಾಡಿಸಿದೆ. ಶಿಸ್ತಿನ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಗಲಾಟೆಗೆ ಜಾಗ ಎಲ್ಲಿ ಸಿಗುತ್ತಿದೆ ಎಂದು ನೋಡಿ.

ಆಮೇಲೆ ಹೊಗಳಿಕೆ. "ಗುಡ್, ವೆರಿಗುಡ್" ಎಂದು ಬಾಯಿಪಾಠದ ಹಾಗೆ ಹೇಳಿದರೆ ಮಕ್ಕಳಿಗೆ ಏನೂ ಮುಟ್ಟುವುದಿಲ್ಲ. ಏನು ಚೆನ್ನಾಗಿತ್ತು ಎಂದು ಹೇಳಬೇಕು, ಆಗಲೇ ಹೇಳಬೇಕು. "ಔಟ್ ಎಂದ ಕೂಡಲೇ ವಾದ ಮಾಡದೆ ಹೊರಗೆ ಬಂದೆಯಲ್ಲ, ಅದು ಚೆನ್ನಾಗಿತ್ತು." ಎಂಟನೆಯ ಕ್ಲಾಸಿನವರಿಗೆ ಎಲ್ಲರೆದುರು ಹೇಳಿದರೆ ಖುಷಿ. ಹತ್ತನೆಯ ಹುಡುಗರಿಗೆ ಹಾಗೆ ಹೇಳಿದರೆ ಮುಜುಗರ. ಗೆಳೆಯರು ತಮಾಷೆ ಮಾಡುತ್ತಾರೆ, ಮಾರನೆಯ ದಿನ ಬೇಕೆಂದೇ ಹಾಳು ಮಾಡುತ್ತಾರೆ. ಅವರಿಗೆ ಪಕ್ಕದಲ್ಲಿ ಹೋಗುವಾಗ ತುಳುವಿನಲ್ಲಿ ಮೆಲ್ಲ "ಎಡ್ಡೆ ಆಂಡ್" (ಚೆನ್ನಾಗಾಯಿತು) ಎಂದರೆ ಸಾಕು. ಅಥವಾ ಒಂದು ಜವಾಬ್ದಾರಿ. ಸ್ಕೋರ್ ಬರೆಯುವುದು, ಚಿಕ್ಕವರ ಮ್ಯಾಚಿಗೆ ಅಂಪೈರ್ ಆಗುವುದು, ಗೆರೆ ಹಾಕುವುದು. ವಿಸಿಲ್ ಕೈಗೆ ಸಿಕ್ಕಿದ ಹುಡುಗ ನಿಲ್ಲುವ ರೀತಿಯೇ ಬೇರೆ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದವನು ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗ. ಮಳೆ ಬಿಟ್ಟ ದಿನ ವಾಲಿಬಾಲ್ ಆಡಿಸಿದರೆ ಅವನು ಚೆಂಡನ್ನು ಕಾಲಿನಿಂದ ಒದ್ದು ಕಂಪೌಂಡಿನ ಆಚೆ ತೆಂಗಿನ ತೋಟಕ್ಕೆ ಹಾರಿಸುತ್ತಿದ್ದ. ಇಡೀ ಕ್ಲಾಸು ಹೋ ಎಂದು ನಗುತ್ತಿತ್ತು. ಆಟ ನಿಲ್ಲುತ್ತಿತ್ತು. ಇಬ್ಬರು ಚೆಂಡು ತರಲು ಓಡುತ್ತಿದ್ದರು. ಹಿಂದೆ ಇದಕ್ಕೆ ಬೈಗುಳ, ರೌಂಡ್ ಎಲ್ಲ ಆಗಿತ್ತು, ಒದೆಯುವುದು ಮಾತ್ರ ನಿಂತಿರಲಿಲ್ಲ. ನೋಟ್‌ಬುಕ್ಕಿನ ಮೂರನೆಯ ಕಾಲಂ ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ. ಒಂದು ಒದೆತಕ್ಕೆ ಅವನಿಗೆ ನಲವತ್ತು ಜನರ ನಗು ಸಿಗುತ್ತಿತ್ತು. ದೊಡ್ಡವರೊಬ್ಬರು ಎಲ್ಲ ಬಿಟ್ಟು ತನ್ನ ಕಡೆಗೇ ನೋಡುವುದೂ ಸಿಗುತ್ತಿತ್ತು. ಓಡುವ ರೌಂಡ್‌ನಲ್ಲೂ ಅವನು ಗೆಳೆಯರಿಗೆ ಕೈ ಬೀಸಿಕೊಂಡೇ ಹೋಗುತ್ತಿದ್ದನಂತೆ.

ಒಂದು ಚೆಂಡನ್ನು ಜಾಸ್ತಿ ಇಟ್ಟುಕೊಂಡೆ. ಅವನು ಒದ್ದ ಕೂಡಲೇ ಇನ್ನೊಂದು ಚೆಂಡು ಒಳಗೆ ಹೋಗುತ್ತದೆ, ಆಟ ನಿಲ್ಲುವುದಿಲ್ಲ. ನಾನು ಏನೂ ಹೇಳುವುದಿಲ್ಲ. ತೋಟದ ಮನೆಯವರ ಹತ್ತಿರ ಹೋಗಿ, ಕೇಳಿ, ಚೆಂಡು ತರುವುದು ಅವನದೇ ಕೆಲಸ. ತರುವವರೆಗೆ ಅವನ ಜಾಗದಲ್ಲಿ ಬೇರೆಯವರು. ಮೊದಲು ಏನಾಯಿತು ಎಂದರೆ ಒದೆಯುವುದು ಇನ್ನೂ ಜಾಸ್ತಿಯಾಯಿತು. ಬೇರೆ ಶಿಕ್ಷಕರಿಗೆ ಇದನ್ನು ಒತ್ತಿ ಹೇಳುತ್ತೇನೆ. ಇಷ್ಟು ದಿನ ಸಿಗುತ್ತಿದ್ದ ಗಮನ ನಿಂತಾಗ ಮಗು ಅದನ್ನು ವಾಪಸ್ ಪಡೆಯಲು ಇನ್ನೂ ಜೋರಾಗಿ ಪ್ರಯತ್ನ ಮಾಡುತ್ತದೆ. ಮನಃಶಾಸ್ತ್ರದಲ್ಲಿ ಇದು ಗೊತ್ತಿರುವ ಸಂಗತಿ. ಆ ಹೊತ್ತಿಗೆ ಸೋತು ಒಮ್ಮೆ ಬೈದುಬಿಟ್ಟರೆ, ಇಷ್ಟು ಜೋರಾಗಿ ಮಾಡಿದರೆ ಸಿಗುತ್ತದೆ ಎಂದು ಅವನಿಗೆ ಕಲಿಸಿದಂತೆ. ತಡೆದುಕೊಂಡೆ.

ಗಮನ ಕೊಡದೆ ಇರುವುದರಿಂದಲೇ ಎಲ್ಲ ಸರಿಹೋಗಲಿಲ್ಲ. ಹುಡುಗನಿಗೆ ಕಾಲಲ್ಲಿ ಒಳ್ಳೆಯ ಶಕ್ತಿ ಇತ್ತು, ಒದೆಯುವ ಆಸೆಯೂ ನಿಜ. ಅದಕ್ಕೊಂದು ದಾರಿ ಬೇಕಲ್ವಾ. ವಾಲಿಬಾಲ್ ಅನ್ನು ಕೈಯಿಂದ ಸರಿಯಾಗಿ ಆಡಿದರೆ ಕೊನೆಯ ಐದು ನಿಮಿಷ ಹಿಂದಿನ ಗೋಡೆಗೆ ಫುಟ್‌ಬಾಲ್ ಕಿಕ್ ಮಾಡಬಹುದು ಎಂದು ಅವನ ಜೊತೆ ಒಪ್ಪಂದ ಮಾಡಿಕೊಂಡೆ. ಡೇವಿಡ್ ಪ್ರಿಮ್ಯಾಕ್ ಎಂಬ ಮನಃಶಾಸ್ತ್ರಜ್ಞರು 1959ರಲ್ಲಿ ಇದನ್ನು ಒಂದು ತತ್ವವಾಗಿ ಹೇಳಿದರು. ಮಗು ತಾನಾಗಿ ಹೆಚ್ಚು ಮಾಡುವ ಕೆಲಸವನ್ನೇ ಕಡಿಮೆ ಮಾಡುವ ಕೆಲಸಕ್ಕೆ ಬಹುಮಾನವಾಗಿ ಇಡಬಹುದು. ಅನ್ನ ಉಂಡರೆ ಮಾತ್ರ ಪಾಯಸ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಹಾಗೆ. ಐದು ನಿಮಿಷದ ಕಿಕ್ ಒಮ್ಮೆ ಸಿಕ್ಕಿದ ಮೇಲೆ ಅವನಿಗೆ ತೋಟದ ದಾರಿ ಬೇಡವಾಯಿತು. ಆಮೇಲೂ ಒಂದೆರಡು ಸಲ ಒದ್ದ. ಆ ದಿನ ಕಿಕ್ ಇಲ್ಲ, ಬೇರೆ ಮಾತೂ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪಂದಿರು ಆಗ ಮನೆಯಲ್ಲಿ ಸಿಗುತ್ತಾರೆ. ಜುಲೈ ಕೊನೆಯಲ್ಲಿ ಈ ಹುಡುಗನ ತಂದೆಗೆ ಫೋನ್ ಮಾಡಿ ಬರಹೇಳಿದೆ. ಬಾಗಿಲಲ್ಲೇ ನಿಂತು, ಕೊಡೆಯ ನೀರು ಕೊಡಹುತ್ತಾ, "ಎಂತ ಟೀಚರ್, ಪುನಃ ಎಂತ ಮಾಡಿದ ಇವ?" ಎಂದರು. ಅವರ ಕೈ ಆಗಲೇ ಮಗನ ಕಡೆಗೆ ಎದ್ದಿತ್ತು. ಕೂತುಕೊಳ್ಳಿ ಎಂದೆ. ಈ ವಾರ ಆಟದಲ್ಲಿ ಅವನು ಎಷ್ಟು ಸರ್ವ್ ಸರಿಯಾಗಿ ಹಾಕಿದ, ಚಿಕ್ಕ ಹುಡುಗನೊಬ್ಬ ಬಿದ್ದಾಗ ಹೇಗೆ ಎತ್ತಿ ಕೂರಿಸಿದ ಎಂದು ಹೇಳಿದೆ. ಅವರು ಮಾತೇ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇದನ್ನು ಹೇಳ್ಲಿಕ್ಕೆ ಕರೆದದ್ದಾ?" ಎಂದು ಕೇಳಿದರು. ಹೌದು ಎಂದೆ. ಮಗನ ತಲೆ ಮೇಲೆ ಕೈ ಇಟ್ಟರು. ಆ ಹುಡುಗನಿಗೆ ನಾನು ಕೊಟ್ಟ ಬೇರೆ ಎಲ್ಲಕ್ಕಿಂತ ಆ ಕೈಗೆ ಬಲ ಜಾಸ್ತಿ ಇತ್ತು ಎಂದು ನನಗೆ ಖಂಡಿತ ಗೊತ್ತು. ಒಳ್ಳೆಯ ಸುದ್ದಿ ಹೇಳಲು ಪಾಲಕರನ್ನು ಕರೆಯುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಾವು ಯಾಕೆ ಇಷ್ಟು ಕಡಿಮೆ ಮಾಡುತ್ತೇವೆ?

ಇಡೀ ಕ್ಲಾಸಿಗೆ ಒಂದು ಪಾಯಿಂಟ್ ಪದ್ಧತಿ ತಂದೆ. 1969ರಲ್ಲಿ ಅಮೆರಿಕದ ಒಂದು ನಾಲ್ಕನೆಯ ತರಗತಿಯಲ್ಲಿ ಮಾಡಿದ ಪ್ರಯೋಗ ಇದಕ್ಕೆ ಮೂಲ. ಕ್ಲಾಸನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗ ಆ ತಂಡಕ್ಕೆ ಒಂದು ಗೆರೆ, ಕಡಿಮೆ ಗೆರೆಯ ತಂಡಕ್ಕೆ ಸಣ್ಣ ಸವಲತ್ತು. ಎರಡೂ ತಂಡ ಮಿತಿಯೊಳಗೆ ಇದ್ದರೆ ಇಬ್ಬರಿಗೂ. ನಾನು ಅದನ್ನು ತಿರುಗಿಸಿ, ಒಳ್ಳೆಯದಕ್ಕೆ ಗೆರೆ ಹಾಕಿದೆ. ವಿಸಿಲಿಗೆ ಬೇಗ ನಿಂತರೆ, ಎದುರು ತಂಡದ ಒಳ್ಳೆಯ ಆಟಕ್ಕೆ ಚಪ್ಪಾಳೆ ಹೊಡೆದರೆ. ಶುಕ್ರವಾರ ಯಾವ ಆಟ ಎಂದು ಆರಿಸುವ ಹಕ್ಕು ಗೆದ್ದವರಿಗೆ. ಚಾಕಲೇಟು, ಪೆನ್ನು ಏನೂ ಇಲ್ಲ.

ಬಹುಮಾನದಲ್ಲೂ ಎಚ್ಚರ ಬೇಕು. 1973ರಲ್ಲಿ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸಲು ಇಷ್ಟಪಡುವ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ, ಅನಿರೀಕ್ಷಿತವಾಗಿ ಅದನ್ನೇ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಹಾಗಾಗಿ ಮಕ್ಕಳು ತಾವಾಗಿಯೇ ಖುಷಿಯಿಂದ ಆಡುವ ಕಬಡ್ಡಿಗೆ ನಾನು ಯಾವತ್ತೂ ಪಾಯಿಂಟ್ ಇಡಲಿಲ್ಲ. ಪಾಯಿಂಟ್ ಇಟ್ಟದ್ದು ಅಭ್ಯಾಸ ಆಗಬೇಕಾದ ಕೆಲಸಗಳಿಗೆ ಮಾತ್ರ. ಅಭ್ಯಾಸ ಆದ ಹಾಗೆ ದಿನ ಬಿಟ್ಟು ದಿನ, ಆಮೇಲೆ ಯಾವಾಗಲೋ ಒಮ್ಮೆ ಎಂದು ಕಡಿಮೆ ಮಾಡುತ್ತಾ ಬಂದೆ. ಜನವರಿಗೆ ಬೋರ್ಡು ಒರೆಸಿದಾಗ ಯಾರೂ ಅದರ ಬಗ್ಗೆ ಕೇಳಲಿಲ್ಲ.

ಎರಡು ಕಡೆ ಮಾತ್ರ ಈ ಮೆತ್ತಗಿನ ಲೆಕ್ಕ ನಡೆಯುವುದಿಲ್ಲ. ಶಾಟ್‌ಪುಟ್, ಜಾವೆಲಿನ್ ಹತ್ತಿರ ಹುಡುಗಾಟ ಮಾಡಿದರೆ ಎರಡನೆಯ ಅವಕಾಶ ಇಲ್ಲ, ಆ ದಿನದ ಮಟ್ಟಿಗೆ ಅವರು ಎಸೆಯುವ ಜಾಗದಿಂದ ಹೊರಗೆ. ಜಾತಿ, ಮೈಬಣ್ಣ, ದಪ್ಪ ಸಣ್ಣ ಹಿಡಿದು ಒಬ್ಬರನ್ನು ಹಂಗಿಸಿದರೂ ಆಟ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಕೂತು ಮಾತಾಡುತ್ತೇವೆ, ಅದು ಬೇರೆ.

ಕಾನೂನಿನ ಮಾತೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಬೆತ್ತ ಎತ್ತದಿದ್ದರೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ಮಾರ್ಚ್ ತಿಂಗಳ ಮಧ್ಯಾಹ್ನದ ಸೆಕೆಯಲ್ಲಿ ತಿಂಡಿ ತಿನ್ನದೆ ಬಂದ ಮಗುವನ್ನು ಸುಸ್ತಾಗುವವರೆಗೆ ಓಡಿಸುವುದಕ್ಕೂ ಬೆತ್ತಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಓಟ. ಶಿಕ್ಷೆಯಿಂದ ತೆಗೆದ ಮಾತ್ರಕ್ಕೆ ಓಟ ಯಾರಿಗೂ ಇಷ್ಟವಾಗಲಿಲ್ಲ. ಮಳೆ ನಿಂತ ಮೇಲೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟೆ. ತಾನು ಓಡಿದ ಟೈಮ್ ತಾನೇ ಬರೆದುಕೊಳ್ಳುವುದು. ಬೇರೆಯವರ ಜೊತೆ ಹೋಲಿಕೆ ಇಲ್ಲ, ಹೋದ ವಾರದ ತನ್ನದೇ ಟೈಮಿನ ಜೊತೆ ಮಾತ್ರ. ನಡುವೆ ನಡೆದರೂ ಪರವಾಗಿಲ್ಲ. ಅವರ ಜೊತೆ ನಾನೂ ಓಡಿದೆ. ಟೈಮ್ ಕಡಿಮೆಯಾದಾಗ ಚೀಟಿ ತಂದು ಮುಖದ ಹತ್ತಿರ ಹಿಡಿಯುವವರು ಹೆಚ್ಚಾದರು. ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣಕ್ಕೆ ಕೆಲವರನ್ನು ಕರೆದುಕೊಂಡು ಹೋಗಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿಸಿದೆ. ಒಬ್ಬ ಹುಡುಗ ಕೂತು ಟ್ರ್ಯಾಕನ್ನು ಅಂಗೈಯಿಂದ ಒತ್ತಿ ನೋಡಿದ, "ಸ್ಪಂಜ್ ಹಾಗೆ ಉಂಟು ಟೀಚರ್" ಎಂದ. ಆಮೇಲೆ ಯಾರೂ ಹೇಳದೆಯೇ ಇನ್ನೊಂದು ಸುತ್ತು ಹೋದ. 800 ಮೀಟರ್‌ಗೆ ಈಗ ಹೆಸರು ಬರುತ್ತದೆ. 1500ಕ್ಕೆ ಇನ್ನೂ ಕಷ್ಟ.

ಒಂದು ಕೆಲಸ ಬಾಕಿ ಇದೆ, ಅದು ನನ್ನ ಗ್ರೌಂಡಿನದಲ್ಲ. ಹೋಂವರ್ಕ್ ಮಾಡದವರನ್ನು ಪೀಟಿ ಪೀರಿಯಡ್‌ಗೆ ಬಿಡದೆ ಕ್ಲಾಸಿನಲ್ಲಿ ಕೂರಿಸುವುದು. ಪರೀಕ್ಷೆ ಹತ್ತಿರ ಬಂದಾಗ ಇಡೀ ಪೀರಿಯಡನ್ನೇ ಬೇರೆ ವಿಷಯಕ್ಕೆ ತೆಗೆದುಕೊಳ್ಳುವುದು. ಎಷ್ಟೋ ಶಾಲೆಗಳಲ್ಲಿ ಇದು ನಡೆಯುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಸಿಗುವುದು ವಾರಕ್ಕೆ ಕೆಲವೇ ಪೀರಿಯಡ್. ಅದನ್ನೂ ಕಿತ್ತುಕೊಂಡರೆ ನಷ್ಟ ಆಗುವುದು ಹೆಚ್ಚಾಗಿ ಕೂತು ಕೂತು ಸಾಕಾಗಿ ಗಲಾಟೆ ಮಾಡುವ ಮಕ್ಕಳಿಗೇ. ಹೋಂವರ್ಕ್ ಅದರಿಂದ ಹೆಚ್ಚಿತಾ ಎಂದು ಮೂರು ಕಾಲಂ ಹಾಕಿ ಬರೆದು ನೋಡಿ ಎಂದು ಇಬ್ಬರು ಶಿಕ್ಷಕರನ್ನು ಕೇಳಿಕೊಂಡಿದ್ದೇನೆ. ಒಬ್ಬರು ಒಪ್ಪಿ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದಾರೆ. ಜೂನ್‌ನ ಸ್ಟಾಫ್ ಮೀಟಿಂಗ್‌ನಲ್ಲಿ ಆ ಪುಟಗಳನ್ನು ಇಟ್ಟುಕೊಂಡು ಮಾತಾಡೋಣ ಎಂದು ಹೆಡ್ಮಾಸ್ಟ್ರು ಹೇಳಿದ್ದಾರೆ.